ಯಳಂದೂರಿಂದ ತರುವುದು

ನಮ್ಮ ಯಜಮಾನರ ಗಲ್ಲ ಎಳೆಗರುವಿನ ಮೂತಿಯ ಹಾಗೆ, ಬಲು ಮೆತ್ತಗೆ. ಕ್ಷೌರದವನ ಕತ್ತಿ ತಾಗಿದರೆ ಸಂಜೆಯೊಳಗೆ ಕತ್ತಿನ ತುಂಬ ಕೆಂಪು ಗಂಧೆ ಏಳುತ್ತಿತ್ತು. ಬಂಡಳ್ಳಿಯ ಗಂಡಸರೆಲ್ಲ ಹುಣಸೆಮರದ ಕೆಳಗೆ ಸಾಲಾಗಿ ಕೂತು ಬೋಳಿಸಿಕೊಳ್ಳುತ್ತಿದ್ದ ಕಾಲ ಅದು. ಕೊಳ್ಳೇಗಾಲದ ಸೀಮೆ ಕೊಯಮತ್ತೂರಿನ ಕೈಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಇವರು ಮಾತ್ರ ಮನೆಯಲ್ಲೇ ರೇಜರು ಹಿಡಿದರು. ಹನೂರು ಸಂತೆಯಿಂದ ಒಂದು ಹಿತ್ತಾಳೆಯದು ತಂದರು. ಅದು ಭಾರ, ಕೈ ಸೋಲುತ್ತದೆ ಅಂದರು. ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಮಾರಲು ಹೋದಾಗ ಇನ್ನೊಂದು ತಂದರು. ಫಳಫಳ ಹೊಳೆಯುತ್ತಿತ್ತು. ಆದರೆ ಕಚ್ಚುತ್ತಿತ್ತು.

ನೀರು ಕಾಯಿಸಿ ಕೊಡುವವಳು ನಾನು. ಇವರು ತೆಂಗಿನ ಚಿಪ್ಪಿನಲ್ಲಿ ಸೋಪು ಕಲಸಿ, ಬ್ರಷ್ಷು ತಿರುಗಿಸಿ ನೊರೆ ಎಬ್ಬಿಸುತ್ತಿದ್ದರು. ಎರಡಲಗಿನ ಬ್ಲೇಡನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ನೋಡುತ್ತಿದ್ದರು. ನಾನು ಹೊಸ ರವಿಕೆ ತೊಟ್ಟು ಎದುರಿಗೆ ಓಡಾಡಿದರೂ ಆ ನೋಟ ಇತ್ತ ತಿರುಗುತ್ತಿರಲಿಲ್ಲ. ಒಂದು ಕಬ್ಬಿಣದ ತುಂಡಿನ ಮೇಲೆ ಹೊಟ್ಟೆಕಿಚ್ಚು ಪಡುವವರುಂಟೆ ಎಂದು ಕೇಳಿದರೆ, ಉಂಟು, ನಾನು ಪಟ್ಟಿದ್ದೇನೆ.

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಆಮೇಲೆ ಸಾಲಾಗಿ ಆದವು, ಆ ಮಾತು ಬೇರೆ. ಅತ್ತೆ ನನಗೆ ನೇರವಾಗಿ ಏನೂ ಅನ್ನುತ್ತಿರಲಿಲ್ಲ, ಮನೆಗೆ ಬಂದವರ ಹತ್ತಿರವೆಲ್ಲ ಅನ್ನುತ್ತಿದ್ದಳು. ಮಕ್ಕಳಾಗದಿದ್ದರೆ ಇನ್ನೊಂದು ಹೆಣ್ಣು ತರುವುದು ಆಗ ದೊಡ್ಡ ಸಂಗತಿಯಲ್ಲ. ಇವರ ಅಕ್ಕನನ್ನು ಯಳಂದೂರಿಗೆ ಕೊಟ್ಟಿದ್ದರು. ಅಕ್ಕನ ಗಂಡನಿಗೆ ಮದುವೆಯ ವಯಸ್ಸಿನ ತಂಗಿಯೊಬ್ಬಳಿದ್ದಳು. ಅದು ನನ್ನ ತಲೆಯಲ್ಲಿ ಯಾವಾಗಲೂ ಇತ್ತು.

ಒಂದು ಮಧ್ಯಾಹ್ನ ನಾನು ಒಳಗೆ ರಾಗಿ ಬೀಸುತ್ತಿದ್ದೆ. ಇವರು ಜಗುಲಿಯಲ್ಲಿ ಪಕ್ಕದ ಮನೆಯವನ ಜೊತೆ ಕೂತಿದ್ದರು. ಕಾಳು ಹಾಕಲು ಕಲ್ಲು ನಿಲ್ಲಿಸಿದಾಗ ಇವರ ಮಾತು ಕಿವಿಗೆ ಬಿತ್ತು.

"ಯಳಂದೂರಿಂದು ಬೆಣ್ಣೆ ಕಣ್ಲಾ. ಒಂದ್ಸಲ ಮುಟ್ಟುದ್ಮ್ಯಾಲೆ ಮನೇದು ಬ್ಯಾಡ ಅನ್ನುಸ್ಬುಡ್ತು."

"ನಿಮ್ಮ ಬಾವ ಕೊಟ್ಟಾನಾ?" ಎಂದ ಪಕ್ಕದ ಮನೆಯವನು.

"ಕೇಳಿವ್ನಿ. ಇಲ್ಲಿ ಸುಮ್ಕೆ ಕೂತದೆ, ತಕಂಡೋಗು ಅಂದ. ಸೋಮವಾರ ಓಗಿ ತಂದ್ಬುಡ್ತೀನಿ."

"ಮನೇದ ಏನ್ ಮಾಡೀಯೆ?"

"ಇರ್ಲಿ ಬುಡು. ಎಲ್ಲಾರ ಮೂಲೇಲಿ ಬಿದ್ದಿರ್ತದೆ."

ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಅದು, ಇದು ಎಂದೇ ಅನ್ನುವುದು. ಸೊಸೆ ಬಂತು, ಹುಡುಗಿ ನಿಂತದೆ. ಹಸುವಿಗೂ ಹೆಂಡತಿಗೂ ಒಂದೇ ಮಾತು. ಮನೆಯದು ಅಂದರೆ ನಾನು. ಸುಮ್ಮನೆ ಕೂತಿರುವುದು ಅಂದರೆ ಬಾವನ ತಂಗಿ. ಇದರಲ್ಲಿ ತಿಳಿಯದೆ ಇರುವುದಕ್ಕೆ ಏನಿದೆ? ಅವತ್ತು ಮುದ್ದೆ ಗಂಟುಗಂಟಾಯಿತು. ಬೇಕೆಂದೇ ದೊಡ್ಡ ಗಂಟಿದ್ದದ್ದನ್ನು ಇವರ ತಟ್ಟೆಗೆ ಹಾಕಿದೆ.

ಸೋಮವಾರ ಇವರು ಚೀಲ ಹಿಡಿದು ಹೊರಟಾಗ ನಾನೂ ಸೀರೆ ಬದಲಿಸಿಕೊಂಡು ಬಾಗಿಲಿಗೆ ಬಂದೆ.

"ನೀ ಯಾಕೆ?"

"ತರದು ಎಂಗದೆ ಅಂತ ನೋಡಕೆ."

"ನೋಡೀಯಂತೆ ಬಾ," ಎಂದು ನಕ್ಕರು. ಆ ನಗು ಕಂಡು ನನಗೆ ಮೈಯೆಲ್ಲ ಉರಿಯಿತು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದಾಗ ಇವರನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ.

ಯಳಂದೂರಿನ ಮನೆಯಲ್ಲಿ ನೀರು ತಂದಿಟ್ಟು ಒಳಗೆ ಹೋದವಳೇ ಆ ಹುಡುಗಿ. ಜಡೆ ಸೊಂಟದಿಂದ ಕೆಳಗೆ ಇಳಿದಿತ್ತು. ನನ್ನದು ಇಲಿಬಾಲ. ನಾನು ಚೊಂಬು ಮುಟ್ಟದೆ, ನಿಂತಲ್ಲೇ ಬಾವನನ್ನು ಕೇಳಿದೆ.

"ತಕಂಡೋಗು ಅಂದ್ರಂತಲ್ಲ. ಕರೀರಿ, ನಾನೂ ಒಂದ್ಸಲ ನೋಡ್ತೀನಿ."

ಬಾವ ಮಾದಪ್ಪನ ಹರಕೆಗೆ ಗಡ್ಡ ಬಿಟ್ಟಿದ್ದರು. ಅದನ್ನು ನೀವಿಕೊಂಡು, "ಕರದ್ರೆ ಬರಕೆ ಅದುಕ್ಕೇನ್ ಕಾಲದವಾ ತಾಯಿ?" ಎಂದು ಜಂತಿಯ ಸಂದಿಯಿಂದ ಬಟ್ಟೆಯ ಗಂಟು ತೆಗೆದರು. ಒಳಗೆ ಒಂದು ರೇಜರಿತ್ತು. ಹಿಡಿಯ ಬುಡ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆದುಕೊಳ್ಳುತ್ತಿದ್ದವು. ಬ್ಲೇಡು ಇಟ್ಟು ಮತ್ತೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತಿದ್ದವು.

ಎದೆಯ ಕಲ್ಲು ಇಳಿಯಿತು ಎಂದು ಬರೆಯಬೇಕು. ಇಳಿಯಲಿಲ್ಲ. ಇವರು ಮನಸ್ಸು ಗಟ್ಟಿ ಮಾಡಿಕೊಳ್ಳಲು ಮನೆಯ ಎರಡನ್ನೂ ಚೀಲದಲ್ಲಿ ತಂದಿದ್ದರು. ಮೂರನ್ನೂ ಜಗುಲಿಯ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಅಂಗೈಯಲ್ಲಿ ತೂಗಿದರು. ಮುಖಕ್ಕೆ ನೊರೆ ಹಚ್ಚಿ, ಹನೂರಿನದರಲ್ಲಿ ಬಲಗಡೆ ಒಂದು ಗೀಟು ಎಳೆದರು. ಕೊಳ್ಳೇಗಾಲದ್ದರಲ್ಲಿ ಎಡಗಡೆ. ಯಳಂದೂರಿನದನ್ನು ಒತ್ತದೆ ಹಗುರಾಗಿ ಗಂಟಲ ಮೇಲೆ ಬಿಟ್ಟರು, ತನ್ನ ಭಾರಕ್ಕೆ ತಾನೇ ಜಾರಿತು. ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರಾದರೋ ಮಾವ ಮತ್ತು ಅವರ ತಮ್ಮ. ಇವರು ಅವತ್ತು ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುತ್ತಿದ್ದರಂತೆ. ಮಾವ ಬಾಳೆಹಣ್ಣು ತಿಂದು, "ಆಯ್ತದೆ ಬುಡಿ," ಅಂದರು. ನನ್ನ ಮದುವೆ ಗೊತ್ತಾದದ್ದು ಅಷ್ಟರಲ್ಲಿ.

ನಾನು ಇದನ್ನೆಲ್ಲ ನೋಡುತ್ತ ನಿಂತಿರುವಾಗ ಆ ಹುಡುಗಿ ಒಳಗಿಂದ ಕನ್ನಡಿ ತಂದು ಇವರ ಮುಖದ ಮುಂದೆ ಹಿಡಿದಳು. ಹತ್ತಿರಕ್ಕೆ ಬಾಗಿದ್ದಳು, ಜಡೆ ಮುಂದಕ್ಕೆ ಬಿದ್ದಿತ್ತು. ರೇಜರಿನ ವಿಷಯ ಬೇರೆ, ಇದು ಬೇರೆ. ಹೋಗಿ ಕನ್ನಡಿ ಕಿತ್ತುಕೊಂಡೆ.

"ನಾ ಇಡ್ಕತೀನಿ. ನೀ ಒಲೆ ನೋಡೋಗು."

"ಅಯ್ಯೋ ಅತ್ತಿಗೆ, ನಾನೇನ್ ನಿಮ್ಮ ಗಂಡನ್ನ ಗಡ್ಡದ ಸಮೇತ ನುಂಗ್ಬುಡ್ತೀನಾ?"

"ಯಾರ್ ಕಂಡವ್ರೆ," ಅಂದೆ.

ಬಾವ ಗಡ್ಡದೊಳಗೆ ನಕ್ಕರು. ಇವರು ನೊರೆ ಮೆತ್ತಿದ ಮುಖ ಎತ್ತಿ ಒಂದು ಗಳಿಗೆ ನನ್ನನ್ನೇ ನೋಡಿದರು. ಬೆಳಿಗ್ಗೆ ಬಾಗಿಲಲ್ಲಿ ನಾನು ಅಂದದ್ದರ ಅರ್ಥ ಆಗ ತಲೆಗೆ ಹತ್ತಿತೋ ಏನೋ. "ವಸಿ ಮ್ಯಾಕೆತ್ತು," ಅಂದರು. ಎತ್ತಿದೆ.

ರೇಜರು ಅವತ್ತೇ ನಮ್ಮ ಮನೆಗೆ ಬಂತು. ಹುಡುಗಿಯನ್ನು ಮರುವರ್ಷ ಮಧುವನಹಳ್ಳಿಗೆ ಕೊಟ್ಟರು. ಅಲ್ಲಿಯವರೆಗೆ ಇವರಿಗೆ ಯಳಂದೂರಿನಲ್ಲಿ ಯಾವ ಕೆಲಸ ಬಿದ್ದರೂ ನಾನು ಜೊತೆಗೆ ಹೊರಟೆ. ಅವಳ ಕೊರಳಿಗೆ ತಾಳಿ ಬಿದ್ದದ್ದನ್ನು ಮುಂದಿನ ಸಾಲಿನಲ್ಲಿ ಕೂತು ಕಣ್ಣಾರೆ ನೋಡಿ, ಹೊಟ್ಟೆ ತುಂಬ ಉಂಡು ಬಂದೆ.