ಚುಕ್ಕಿಗೆರೆಯ ಮೇಲೆ ಬಂದ ಗ್ರಾಂಟ್ ಸಾಹೇಬ

ನಮ್ಮನೆಯವರು, ಪ್ರಾಣೇಶರಾಯರು, ನಲವತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಹೇಳಿದ್ದು ಒಂದೇ ಒಂದು ಸುಳ್ಳು. ಆ ಒಂದನ್ನೇ ನಮ್ಮ ಕನ್ನಡ ಸಂಘದವರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರು. ಹಾಗೆ ಹಂಚುವಂತೆ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅಂತ ಯಾರೂ ನನ್ನನ್ನು ಅನ್ನಬಾರದು.

ಇವರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಮುತ್ತಜ್ಜನ ಕಾಲಕ್ಕೆ ರಾಯಚೂರಿನಿಂದ ಹೈದರಾಬಾದಿಗೆ, ನಿಜಾಮರ ನೌಕರಿಗೆ ಬಂದ ಮನೆತನ. ಶಾಲಿಬಂಡಾದ ಹಳೇ ಮನೆ ಹೋಗಿ ಈಗ ಕೂಕಟ್‌ಪಲ್ಲಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಮೂವತ್ತೈದು ವರ್ಷ ಬಗ್ಗಿ ಕೂತು ಕಾಲುವೆ ಬರೆದರು, ಅದರಲ್ಲಿ ಅರ್ಧವನ್ನೂ ಕಣ್ಣಾರೆ ಕಂಡಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಅಂತಾರಲ್ಲ, ಇವರದು ಬರೀ ಕೋಶ. ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಮಂತ್ರಾಲಯಕ್ಕೆ. ಎರಡನೇ ಸಲವೂ ಮಂತ್ರಾಲಯಕ್ಕೆ. ಮೂರನೇ ಸಲ ನಾನೇ ಬರುವುದಿಲ್ಲ ಅಂದೆ.

ರಿಟೈರ್ ಆದ ಮೇಲೆ ಒಂದು ದಿನ ನನ್ನ ಲಂಗಕ್ಕೆ ಲಾಡಿ ತರಲು ಸುಲ್ತಾನ್ ಬಜಾರಿಗೆ ಹೋದವರು, ಫುಟ್‌ಪಾತಿನಿಂದ ರಟ್ಟು ಹರಿದ ಇಂಗ್ಲಿಷ್ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದರು. ಲಾಡಿ ಮರೆತಿದ್ದರು. ಗ್ರಾಂಟ್ ಎಂಬ ಸಾಹೇಬ ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ, ೧೮೭೭ರಲ್ಲಿ ಹಡಗು ಹತ್ತಿ, ಎರಡು ವರ್ಷಕ್ಕೂ ಮೇಲೆ ಜಗತ್ತು ಸುತ್ತಿದ ಕಥೆ ಅದು. ಹೆಂಡತಿಯೂ ಜೊತೆಗಿದ್ದಳಂತೆ. ಆ ಮಾತನ್ನು ಮಾತ್ರ ನಾನು ಹಿಡಿದುಕೊಂಡೆ. ರಿಟೈರ್ ಆದ ಮೇಲೆ ಗಂಡಸರು ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾರೆ, ಪುಸ್ತಕದಲ್ಲೇ ಇದೆಯಲ್ಲ ಅಂದೆ. ಇವರು ಕನ್ನಡಕ ಒರೆಸಿಕೊಂಡರು.

ಆ ವರ್ಷವೇ ನಾನು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡೆ. ಆಪರೇಷನ್ ಆಗಿ ಮೂರು ತಿಂಗಳು ಮಂಚ. ಕಿಟಕಿಯಾಚೆ ಮೆಟ್ರೋ ಹೋಗುವುದು, ಬರುವುದು, ನಾನು ಮಾತ್ರ ಅಲ್ಲೇ. ಅನ್ನ ಸಾರು ಮಾಡಿ, ನನ್ನ ತಲೆ ಬಾಚಿ, ಸಂಜೆಗೆ ಇವರು ಗ್ರಾಂಟ್ ಸಾಹೇಬನ ಕಥೆ ಹೇಳುತ್ತಿದ್ದರು. ಪುಸ್ತಕದಲ್ಲಿ ಒಂದು ಸಾಲಿದ್ದರೆ ಇವರ ಬಾಯಲ್ಲಿ ಒಂದು ತಾಸು. ನನ್ನ ಪ್ರಶ್ನೆ ಪ್ರತಿ ಊರಿಗೂ ಒಂದೇ: ಅಲ್ಲಿ ಏನು ಉಂಡರು? ಮಂಚದ ಎದುರಿನ ಗೋಡೆಗೆ ದೊಡ್ಡ ನಕ್ಷೆಯೊಂದನ್ನು ತಾವೇ ಬರೆದು ಅಂಟಿಸಿದ್ದರು. ಕಥೆ ನಡೆದಂತೆ ಕರಿ ಶಾಯಿಯ ಗೆರೆಯೂ ದಿನಾ ಮುಂದೆ ಹೋಗುತ್ತಿತ್ತು.

ಗೆರೆ ಮುಂಬೈ ಮುಟ್ಟಿದ ದಿನ ಡಾಕ್ಟರು ಇನ್ನೂ ಒಂದು ತಿಂಗಳು ಏಳುವಂತಿಲ್ಲ ಅಂದಿದ್ದರು. ಬೆಳಗಿನಿಂದ ಅತ್ತಿದ್ದೆ. ಅಷ್ಟು ದೂರದಿಂದ ಬಂದವನು ನಮ್ಮ ಊರಿಗೆ ಬರಲಿಲ್ಲವೇ ಎಂದು ಕೇಳಿದೆ. ಇವರು ನನ್ನ ಮುಖ ನೋಡಿದರು. "ಬಂದಿದ್ದ," ಅಂದರು.

ಎಂಟು ದಿನ ನಡೆಯಿತು ಆ ಕಥೆ. ಸಾಹೇಬನ ಹೆಂಡತಿ ಶಾಲಿಬಂಡಾಕ್ಕೆ, ಇವರ ಮುತ್ತಜ್ಜಿಯ ಮನೆಗೇ ಬಂದಳಂತೆ. ಮುತ್ತಜ್ಜಿ ಮಡಿಯಲ್ಲಿದ್ದಾಳೆ, ಒಳಗೆ ಬಿಡುವಂತಿಲ್ಲ. ಆದರೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಪಡಸಾಲೆಯಲ್ಲೇ ನಿಲ್ಲಿಸಿ, ಮಾರು ದೂರದಿಂದ ಕೈ ಚಾಚಿ ಅಕ್ಕಿ, ತೆಂಗಿನಕಾಯಿ, ಗುಳೇದಗುಡ್ಡದ ಖಣ ಹಾಕಿದಳಂತೆ. ಆ ಹೆಂಗಸಿಗೆ ಸೆರಗೆಲ್ಲಿದೆ, ಗೌನಿನ ಮುಂಭಾಗವನ್ನೇ ಎತ್ತಿ ಹಿಡಿದಳಂತೆ. ಅವಳು ಅತ್ತ ಹೋದದ್ದೇ ತಡ, ಮುತ್ತಜ್ಜಿ ಮತ್ತೊಮ್ಮೆ ತಲೆಮೇಲೆ ನೀರು ಹಾಕಿಕೊಂಡಳಂತೆ. ನಕ್ಕೂ ನಕ್ಕೂ ಹೊಲಿಗೆ ಹಾಕಿದ ಜಾಗ ಜಗ್ಗಿತು. ಆ ಮನೆಯ ಮಡಿ ನನಗೆ ಗೊತ್ತು, ಸೊಸೆಯಾಗಿ ನಾನೂ ಉಂಡಿದ್ದೇನೆ. ಹಾಗಾಗಿ ಪೂರಾ ನಂಬಿದೆ. ಇವರಿಗೆ ಇಷ್ಟೆಲ್ಲ ಕಟ್ಟುವ ಬುದ್ಧಿ ಇದೆ ಅಂತ ನನಗೆ ಹೇಗೆ ತಿಳಿಯಬೇಕು?

ಕಾಲು ಊರಿದ್ದೇ ತಡ, ಡಂಗುರ ಸಾರಿದೆ. ಮೊದಲು ಕೆಳಗಿನ ಮನೆಯ ಅಂಬವ್ವನಿಗೆ, ಆಮೇಲೆ ಸಿಕ್ಕಸಿಕ್ಕವರಿಗೆ. ಸಂಘದಲ್ಲಿ ಇವರ ಉಪನ್ಯಾಸ ಇಡೋಣ ಎಂದು ಕಾರ್ಯದರ್ಶಿ ರವಿಶಂಕರ್ ಪೇಢೆ ಹಿಡಿದುಕೊಂಡೇ ಬಂದ. ಇವರು ಬೇಡ ಬೇಡ ಅಂದರು. ನಾನು ಅಡುಗೆಮನೆಯಿಂದಲೇ ಒಪ್ಪಿಗೆ ಕೊಟ್ಟೆ. ‘ಅಮೆರಿಕದ ಅಧ್ಯಕ್ಷರ ಪತ್ನಿಗೆ ಹೈದರಾಬಾದ್ ಕನ್ನಡಿಗರ ಉಡಿ’ ಎಂದು ಪತ್ರಿಕೆ ಅಚ್ಚಾಯಿತು, ಕೆಳಗೆ ಇವರ ಹೆಸರು. ಅವತ್ತಿನಿಂದ ಇವರಿಗೆ ಊಟ ಸೇರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಗೊತ್ತಿಲ್ಲವಲ್ಲ, ಅದಕ್ಕೇ ಹೆದರಿದ್ದಾರೆ ಅಂದುಕೊಂಡೆ.

ಉಪನ್ಯಾಸದ ಹಿಂದಿನ ದಿನ ಬೆಳಗ್ಗೆ ಚಹಾ ಕುಡಿಯುವಾಗ ಬಾಯಿಬಿಟ್ಟರು. "ಶಾಮಲಾ, ಅವ ಬಂದೇ ಇಲ್ಲ. ಮುಂಬೈ, ಆಗ್ರಾ, ದಿಲ್ಲಿ, ಕಾಶಿ, ಕಲಕತ್ತಾ ನೋಡಿ ಬರ್ಮಾಕ್ಕ ಹೋದ. ಮುತ್ತಜ್ಜಿದು ಎಲ್ಲಾ ನಾನ ಕಟ್ಟಿದ್ದು."

ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಇಡೀ ಬಿಲ್ಡಿಂಗಿಗೆ ಸಾರಿದ್ದೇನೆ, ಇನ್ನು ಮುಖ ಎಲ್ಲಿಡಲಿ? ಇವರು ಎಲ್ಲ ಕೇಳಿಸಿಕೊಂಡು, ನಿನ್ನ ಮರ್ಯಾದೆ ಹೋಗುವುದಾದರೆ ಪತ್ರಿಕೆಯಲ್ಲಿದ್ದಂತೆಯೇ ಹೇಳಿಬಿಡುತ್ತೇನೆ ಅಂದರು. ಒಂದು ಕಾಲಕ್ಕೆ, ದೊಡ್ಡವರ ಹೊಲ ಉಳಿಸಲು ಕಾಲುವೆಯ ಗೆರೆಯನ್ನು ನೂಲಿನಷ್ಟು ಸರಿಸು ಅಂದದ್ದಕ್ಕೆ ಒಪ್ಪದೆ, ಎರಡು ವರ್ಷ ಅಡವಿಯಂಥ ಊರಿಗೆ ವರ್ಗವಾಗಿ ಹೋದ ಮನುಷ್ಯ. ಆ ಮನುಷ್ಯ ನನಗಾಗಿ ಸಭೆಯಲ್ಲಿ ಸುಳ್ಳು ಹೇಳಲು ತಯಾರಾಗಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬೇಡ ಅನ್ನಲಿಲ್ಲ. "ಹೇಳ್ರಿ. ಯಾರು ನೋಡ್ಯಾರ?" ಅಂದೆ.

ಮರುದಿನ ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ನಾನು, ಪಕ್ಕದಲ್ಲಿ ಅಂಬವ್ವ. ಇವರು ಮನೆಯ ನಕ್ಷೆಯನ್ನು ತಂದು ತೂಗುಹಾಕಿ, ಮೈಕಿನ ಮುಂದೆ ನಿಂತರು. ನನ್ನ ಕಡೆ ನೋಡಿದರು. ಆ ಮುಖ ನೋಡಿ ನನ್ನ ಮರ್ಯಾದೆಗೆ ಬೆಂಕಿ ಬೀಳಲಿ ಅನ್ನಿಸಿತು. ಸುಳ್ಳು ಬೇಡ ಎಂದು ತಲೆಯಾಡಿಸಿದೆ. ಇವರು ನೀರು ಕುಡಿದು ನಕ್ಷೆಯ ಮೇಲೆ ಸ್ಕೇಲು ಇಟ್ಟರು.

"ನಮ್ಮ ಇಲಾಖೆಯೊಳಗ ಒಂದು ಪದ್ಧತಿ ಅದರಿ. ಇರೋ ಕಾಲುವಿಗೆ ಗಟ್ಟಿ ಗೆರಿ, ಇನ್ನೂ ಆಗಬೇಕಾದ ಕಾಲುವಿಗೆ ಚುಕ್ಕಿ ಗೆರಿ. ಗ್ರಾಂಟ್ ಸಾಹೇಬ ಮುಂಬೈಗೆ ಬಂದದ್ದು ಗಟ್ಟಿ ಗೆರಿ. ಹೈದರಾಬಾದಿಗೆ ಬಂದದ್ದು ಚುಕ್ಕಿ ಗೆರಿ. ಅವ ಬಂದಿಲ್ಲರಿ. ನಮ್ಮಾಕಿ ಮೂರು ತಿಂಗಳು ಮಂಚದ ಮ್ಯಾಲೆ ಇದ್ಲು, ಆಕಿನ್ನ ನಗಸಬೇಕಾಗಿತ್ತು. ಅದಕ್ಕ ನಾನ ಕರಸಿದೆ."

ನಾನು ನಕ್ಷೆ ನೋಡಿದೆ. ಮುಂಬೈಯಿಂದ ನಮ್ಮ ಊರಿನವರೆಗೆ ಸಣ್ಣ ಸಣ್ಣ ಚುಕ್ಕಿಗಳು. ಮಂಚದಲ್ಲಿ ಬಿದ್ದುಕೊಂಡು ದಿನಾ ನೋಡಿದ್ದವೇ. ಪೆನ್ನಿನಲ್ಲಿ ಶಾಯಿ ತೀರಿರಬೇಕು ಅಂದುಕೊಂಡಿದ್ದೆ. ಬಾಯಲ್ಲಿ ಸುಳ್ಳು ಹೇಳಿದ ದಿನವೂ ಈ ಪುಣ್ಯಾತ್ಮ ಕಾಗದದ ಮೇಲೆ ಸುಳ್ಳು ಬರೆದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಚುಕ್ಕಿಗೆರೆಯ ಕಥೆಯನ್ನು ಪೂರ್ತಿ ಹೇಳಿದರು. ಮೊದಲು ಮುಖ ಸಣ್ಣ ಮಾಡಿಕೊಂಡಿದ್ದ ರವಿಶಂಕರ್, ಮುತ್ತಜ್ಜಿಯ ಎರಡನೇ ಸ್ನಾನಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕ. ಬಾರದೇ ಇದ್ದವಳಿಗೂ ಉಡಿ ತುಂಬಿ ಕಳಿಸಿದ ಮನೆತನ ನಿಮ್ಮದು ಎಂದು ಅಂಬವ್ವ ನನ್ನ ತೊಡೆ ಚಿವುಟಿದಳು.

ಮರುದಿನ ನಕ್ಷೆ ಮತ್ತೆ ಗೋಡೆಗೆ ಬಂತು. ಚಹಾ ತಂದು ನೋಡುತ್ತೇನೆ, ಇವರು ಸಿಕಂದರಾಬಾದಿನಿಂದ ಆಗ್ರಾದವರೆಗೆ ಕೆಂಪು ಶಾಯಿಯಲ್ಲಿ ಚುಕ್ಕಿ ಹಾಕುತ್ತಿದ್ದಾರೆ. ಇದು ಯಾರ ದಾರಿ ಎಂದು ಕೇಳಿದೆ.

"ನಮ್ಮಿಬ್ಬರದು," ಅಂದರು.

ದೀಪಾವಳಿ ಕಳೆದು ಹೊರಟೆವು. ಹೊರಡುವ ದಿನ ಅಂಬವ್ವ ಮೇಲೆ ಬಂದು ನನ್ನ ಉಡಿ ತುಂಬಿದಳು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ತಾಜಮಹಲಿನ ಮುಂದೆ ಕೋಲೂರಿಕೊಂಡು ನಿಂತಾಗ, ಆ ಸಾಹೇಬನ ಹೆಂಡತಿಯೂ ಇಲ್ಲೇ ನಿಂತಿರಬೇಕು ಅನ್ನಿಸಿ ಭಾಳ ಸಂತೋಷವಾಯಿತು.

ಮನೆಗೆ ಬಂದದ್ದೇ ಇವರು ಚೀಲವನ್ನು ಬಾಗಿಲಲ್ಲೇ ಇಟ್ಟು, ಕಾಲೂ ತೊಳೆಯದೆ ಒಳಗೆ ಹೋಗಿ, ಪೆನ್ನು ತೆಗೆದುಕೊಂಡು ಆ ಕೆಂಪು ಚುಕ್ಕಿಗಳನ್ನು ಒಂದೊಂದಾಗಿ ಕೂಡಿಸಿದರು. ನಾನು ಬೈಯಲಿಲ್ಲ.