ಅಂಗನವಾಡಿಯ ಊಟದ ಸಾಲು

ಬೆಂದ ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ನನಗೆ ಮಾತ್ರ ಆ ವಾಸನೆ ಬಂದರೆ ಹೊಟ್ಟೆಕಿಚ್ಚಾಗುತ್ತದೆ. ನಗಬೇಡಿ. ಈವತ್ತು ಮಧ್ಯಾಹ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಎದುರಿನ ಅಂಗನವಾಡಿಯಿಂದ ಅದು ತೇಲಿ ಬಂತು.

ನನ್ನ ಮಗ ಹೊಟ್ಟೆಯಲ್ಲಿದ್ದ ವರ್ಷವೇ ಕೊಣನೂರಿನ ಪಕ್ಕದ ನಮ್ಮೂರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಶುರುವಾದದ್ದು. ಅನ್ನ, ಸೊಪ್ಪಿನ ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಕೂತು ಉಣ್ಣಬೇಕು. ಒಯ್ದರೆ ಮೊಟ್ಟೆ ಗಂಡನ ತಟ್ಟೆ ಸೇರುತ್ತದೆಂದು ನಿಯಮ ಮಾಡಿದ ಪುಣ್ಯಾತ್ಮರಿಗೆ ಗೊತ್ತಿತ್ತು.

"ಹಾಲು ತುಪ್ಪ ಮನೇಲೇ ಅವೆ. ಎಲ್ಲಾರ್ ಜೊತೆ ಕುಂತು ಉಣ್ಣೋ ಗತಿ ನಮಗೇನ್ ಬಂದದೆ?" ಅಂದರು ನಮ್ಮತ್ತೆ. ಎಲ್ಲಾರು ಅಂದರೆ ಯಾರು ಅಂತ ಬಿಡಿಸಿ ಹೇಳಲಿಲ್ಲ. ಅಲ್ಲಿ ಅಡುಗೆ ಮಾಡುವವಳು ಊರಾಚೆಯ ಕಾಲೊನಿಯವಳು. ನಮ್ಮಂಥ ಗೌಡರ ಮನೆಗಳಲ್ಲಿ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಹಾಲು ತುಪ್ಪ ಇದ್ದದ್ದು ನಿಜ. ಆದರೆ ಮನೆಯವರದೆಲ್ಲ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಂಡು ನೋಡಿ, ತುಪ್ಪವೂ ಗಂಟಲಲ್ಲಿ ಇಳಿಯುವುದಿಲ್ಲ. ಕಿಟಕಿಯಿಂದ ಭಾಗ್ಯ ಕಾಣುತ್ತಿದ್ದಳು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಈ ಊರಿನ ಕಾಲೊನಿಗೇ ಮದುವೆಯಾಗಿ ಬಂದವಳು. ನನ್ನಷ್ಟೇ ದೊಡ್ಡ ಹೊಟ್ಟೆ ಹೊತ್ತು ಅಂಗನವಾಡಿಯ ಊಟದ ಸಾಲಿನಲ್ಲಿ ಕೂತು, ಉಳಿದ ಬಸುರಿಯರ ಜೊತೆ ಬಿದ್ದು ಬಿದ್ದು ನಗುತ್ತಿದ್ದಳು. ಏನು ಹೇಳಿಕೊಂಡು ನಗುತ್ತಿದ್ದರೋ! ಮೊಟ್ಟೆ ಹಾಳಾಗಿ ಹೋಗಲಿ, ನನಗೆ ಆ ನಗು ಬೇಕಿತ್ತು.

ಒಂದು ದಿನ ನಲ್ಲಿಯ ಹತ್ತಿರ ಸಿಕ್ಕಿದಳು. "ನೀನೂ ಬಾರೆ. ನನ್ ಪಕ್ಕ ಜಾಗ ಅದೆ ಕಣೆ" ಅಂದಳು.

"ನಮ್ಮನೇಲಿ ಎಲ್ಲಾ ಅದೆ" ಅಂದೆ. ಅತ್ತೆಯ ಮಾತು ನನ್ನ ಬಾಯಿಂದ ಸಲೀಸಾಗಿ ಬಂದಿತ್ತು. ಭಾಗ್ಯ ಮತ್ತೆ ಕರೆಯಲಿಲ್ಲ.

ಹೀಗೆ ಹಳೆಯದನ್ನು ಸುಲಿಯುತ್ತಾ ಕೂತಿದ್ದಾಗಲೇ ಮೈದುನನ ಹೆಂಡತಿ ಕಾವ್ಯ ಬಂದು ನಿಂತಳು. ಅವಳಿಗೀಗ ಐದು ತಿಂಗಳು. ಅತ್ತೆ ಮಂಡಿನೋವಿನಿಂದ ಕೋಣೆ ಹಿಡಿದ ಮೇಲೆ ಮನೆಯಲ್ಲಿ ಹೂಂ, ಉಹೂಂ ಅನ್ನುವುದು ನನ್ನ ಕೆಲಸವಾಗಿದೆ.

"ಅಕ್ಕ, ನಾನೂ ಅಂಗನವಾಡಿಗೆ ಊಟಕ್ಕೆ ಓಗ್ಲಾ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಓರಗಿತ್ತಿಗೂ ಒಂದು ಕಾಲ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನನಗೆ ದಕ್ಕದ್ದು ಇವಳಿಗೆ ಯಾಕೆ ದಕ್ಕಬೇಕು? ನಮ್ಮತ್ತೆಗೂ ಅವತ್ತು ಹೀಗೇ ಅನಿಸಿತ್ತೋ ಏನೋ. ಬಸುರಿಯಾಗಿದ್ದಾಗ ಅವರನ್ನಾದರೂ ಪಕ್ಕಕ್ಕೆ ಬಾ ಅಂತ ಕರೆದವರು ಯಾರಿದ್ದರು?

"ಓಗು. ನಿಧಾನಕ್ಕೆ ಉಂಡು ಬಾ" ಅಂದೆ.

ಅವಳು ಚಪ್ಪಲಿ ಮೆಟ್ಟಿ ರಸ್ತೆ ದಾಟುವಷ್ಟರಲ್ಲಿ ಕೋಣೆಯಿಂದ ಅತ್ತೆಯ ದನಿ ಬಂತು. "ಯಾರನ್ ಕೇಳ್ಕಂಡು ಓದ್ಲು ಅವ್ಳು?"

"ನನ್ನ ಕೇಳ್ಕಂಡು ಕಣತ್ತೆ. ನಾಳಿಂದ ದಿನಾ ಓಯ್ತಾಳೆ."

ಒಳಗೆ ಮಂಚ ಕಿರುಗುಟ್ಟಿತು, ಅಷ್ಟೇ. ನನ್ನ ಹೊಟ್ಟೆಕಿಚ್ಚು ಆರಿತು ಅಂದುಕೊಳ್ಳಬೇಡಿ. ಕಾವ್ಯ ಉಂಡು ಬರುವವರೆಗೂ ನಾನು ಆ ಕಡೆ ತಲೆಯೆತ್ತಿ ನೋಡಲಿಲ್ಲ.