ಅವರ ಹೆಸರು ಬರೆದ ದಿನ

ನನ್ನ ಗಂಡ ತಾಂಡೂರಿನಲ್ಲಿ ಸಮಾಧಿ ಕಲ್ಲು ಕೆತ್ತುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ತವರೂರು ದೌಲತಾಬಾದಿನಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವಳು. ಸತ್ತವರ ಹೆಸರನ್ನು ಜಾಜಿನ ಕೆಂಪು ಬಣ್ಣದಲ್ಲಿ ಕಲ್ಲಿನ ಮೇಲೆ ನಾನು ಬರೆಯುವುದು, ಆ ಗೆರೆ ಹಿಡಿದು ಅವರು ಉಳಿ ಹೊಡೆಯುವುದು. ಮೇಲೆ ಲಿಂಗ, ಎರಡು ಬದಿಗೆ ದೀಪ, ಅಂಚಿಗೆ ಬಿಲ್ವದ ಬಳ್ಳಿ. ಅವರ ಕೈಯ ಬಳ್ಳಿಗಾಗಿ ಬೊಮ್ರಾಸಪೇಟೆಯಿಂದಲೂ ಜನ ಬರುತ್ತಿದ್ದರು.

ಕೆಮ್ಮು ಮೊದಲು ಬೆಳಗಿನಲ್ಲಿ ಮಾತ್ರ ಇತ್ತು, ಆಮೇಲೆ ದಿನವೆಲ್ಲ. ಕಲ್ಲಿನ ಪುಡಿ ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಒಲೆಯ ಮುಂದೆ ಕೂತರೂ ನನ್ನ ಕಿವಿ ಅಂಗಳದ ಉಳಿಯ ಸದ್ದಿನ ಮೇಲೇ. ಸದ್ದು ತುಸು ಹೊತ್ತು ನಿಂತರೆ ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡುತ್ತಿದ್ದೆ.

ಒಂದು ಬೇಸಿಗೆ ಅವರು ಒಳ್ಳೆಯ ಕಲ್ಲೊಂದನ್ನು ಆರಿಸಿ ಬಳ್ಳಿ ಕೆತ್ತತೊಡಗಿದರು. ಯಾವ ಗಿರಾಕಿಯೂ ಅದನ್ನು ಕೇಳಿ ಬಂದಿರಲಿಲ್ಲ. ಕಲ್ಲು ನಮ್ಮ ಬಾಗಿಲಿಗೆ ಮುಖಮಾಡಿ ನಿಂತಿತ್ತು. ಹೆಸರಿನ ಜಾಗ ಖಾಲಿ. ನೆರೆಮನೆಯ ಮುದುಕಿ ನೀರಿಗೆ ಬಂದವಳು ಅದನ್ನು ಕಂಡು ಹೊಸ್ತಿಲಲ್ಲೇ ನಿಂತಳು. "ಇಂಥಾದ್ದು ಮನೀ ಕಡಿ ಮಾರಿ ಮಾಡಿ ಇಡಬಾರ್ದವ್ವ," ಎಂದು ಬರಿಗೊಡ ಹಿಡಿದು ಹೊರಟುಹೋದಳು.

ಅಂದು ಮಧ್ಯಾಹ್ನ ಕೇಳಿಯೇಬಿಟ್ಟೆ. "ಇದು ಯಾರದರಿ?"

ಅವರು ಜಾಜಿನ ಬಟ್ಟಲನ್ನು ನನ್ನ ಮುಂದೆ ಸರಿಸಿದರು. "ನಂದು. ಬರಿ."

ನಮ್ಮ ಮನೆತನಗಳಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಊರೂರಿನ ಸತ್ತವರ ಹೆಸರು ಬರೆದ ನಾನು ಆ ಒಂದನ್ನು ನುಡಿದಿರಲಿಲ್ಲ, ಬರೆದಿರಲಿಲ್ಲ.

"ನಿಮ್ಮ ಹೆಸರು ನನ್ನ ಬಾಯಾಗ ಎಂದರ ಬಂದದೇನ್ರಿ?"

"ಬಾಯಿಲೆ ಹೇಳಬ್ಯಾಡ, ಕೈಲೆ ಬರಿ. ಬ್ಯಾರೆಯವ್ರು ಕಡದ್ರ ನನಗ ಸರಿಬರಂಗಿಲ್ಲ."

ಬರೆದೆ. ಆದರೆ ಕೊನೆಯ ಅಕ್ಷರ ಬದಲಿಸಿದೆ. ಅದು ಯಾರ ಹೆಸರೂ ಆಗದಂತೆ ನೋಡಿಕೊಂಡೆ. ಕರೆಯಲು ಬಂದ ಸಾವು ಕಲ್ಲು ಓದಿ, ಇಲ್ಲಿ ಇಂಥವರಿಲ್ಲ ಎಂದು ತಿರುಗಿ ಹೋಗಲಿ ಎಂಬ ಹುಚ್ಚು ಆಸೆ. ಆ ತಪ್ಪು ಅಕ್ಷರವನ್ನು ಅವರು ಎರಡು ದಿನ ಬಾಗಿ ಕೂತು ಕೆತ್ತಿದರು, ಪುಡಿ ಊದಿ ಊದಿ. ಆ ವಾರ ಕೆಮ್ಮು ಇಳಿಯಿತು. ಗೆದ್ದೆ ಅಂದುಕೊಂಡೆ.

ಶ್ರಾವಣ ಹುಟ್ಟುವಷ್ಟರಲ್ಲಿ ಹಾಸಿಗೆ ಹಿಡಿದರು. ಒಂದು ಸಂಜೆ ಗಂಜಿ ಕುಡಿಸುತ್ತ ತಾಳಲಾರದೆ ಎಲ್ಲ ಹೇಳಿದೆ.

"ಗೊತ್ತದ," ಅಂದರು. "ನಮ್ಮ ಲಗ್ನ ಆಗೂಕಿಂತ ಮೊದಲ ಯಾಲಾಲ ಊರಾಗ ನನ್ನ ಹೆಸರಿನವನೇ ಒಬ್ಬ ಸತ್ತಿದ್ದ, ಅವನ ಕಲ್ಲು ನಾನೇ ಕಡದಿದ್ದೆ. ನನಗ ಕೆಲಸ ಕಲಿಸಿದ ಉಸ್ತಾದ ಬರದಿದ್ದ. ಅಕ್ಷರದ ತಿರುವು ಕೈಯಾಗ ಉಳದದ."

"ಮತ್ತ ಯಾಕ ಕಡದ್ರಿ?"

"ನೀ ಅಂಜಿದ್ದಿ. ಅಳಸು ಅಂದ್ರ ಇನ್ನಷ್ಟು ಅಂಜತಿದ್ದಿ."

ಮೂರನೆಯ ದಿನ ಹೋದರು.

ಕಲ್ಲು ನಿಲ್ಲಿಸುವ ದಿನ ಅವರ ಅಣ್ಣ, ನಮ್ಮ ಭಾವನವರು, ಅದನ್ನು ಓದಿಸಲು ಶಾಲೆಯ ಮಾಸ್ತರರನ್ನು ಕರೆದುಕೊಂಡು ಬಂದರು. ಮಾಸ್ತರರು ಎರಡು ಸಲ ಓದಿ, "ಇದು ನಿಮ್ಮ ತಮ್ಮನ ಹೆಸರಲ್ಲ," ಎಂದರು. ಭಾವನವರ ಮುಖ ಕಪ್ಪಿಟ್ಟಿತು. ಬೇರೆ ಕಲ್ಲು ತರಿಸೋಣ ಎಂದರು. ಅವರ ಎದುರು ಎಂದೂ ದನಿ ಎತ್ತದ ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ.

"ಭಾವಾರ, ಇದೇ ಇಡ್ರಿ. ತಪ್ಪು ನಂದು. ಕಡದಿದ್ದು ಅವರು."

ಭಾವನವರು ಬಳ್ಳಿಯ ಮೇಲೆ ಕೈಯಾಡಿಸಿದರು. ಆಮೇಲೆ ತಾವೇ ಒಂದು ತುದಿ ಎತ್ತಿದರು.

ಮುಂದೆ ಇನ್ನೊಬ್ಬ ಕಲ್ಲುಕುಟಿಗನಿಗೆ ನಾನು ಅಕ್ಷರ ಬರೆದುಕೊಡತೊಡಗಿದೆ. ಒಮ್ಮೆ ಒಬ್ಬ ಹೆಂಗಸು ಗಂಡ ಬದುಕಿರುವಾಗಲೇ ಅವನ ಕಲ್ಲಿಗೆ ಹೆಸರು ಬರೆಸಲು ಬಂದು ನಿಂತಳು. ಆತನೇ ಕಳಿಸಿದ್ದನಂತೆ.

"ಅವರಿಗಿ ಹೊಟ್ಟಿಗಿ ಹಾಕು ಹೋಗವ್ವ," ಅಂದೆ. "ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ."

ದಸರೆ ಕಳೆದ ಮೇಲೆ ಆಕೆ ತಮ್ಮನನ್ನು ಕರೆದುಕೊಂಡು ಮತ್ತೆ ಬಂದಳು. ಹಣೆ ಬರಿದಾಗಿತ್ತು. ಹೆಸರನ್ನು ತಮ್ಮ ಹೇಳಿದ.